ಗಾಜಿನ ಕೊಳದ ನೆರೆಹೊರೆ

ಓದುವ ಮೊದಲು: ನಿಮ್ಮ ಊರಿನ ತೋಡು, ಕೆರೆ, ಗದ್ದೆಗಳಲ್ಲಿ ಯಾವ ಯಾವ ಮೀನುಗಳನ್ನು ನೋಡಿದ್ದೀರಿ? ಅವು ನೀರಿನ ಮೇಲ್ಭಾಗದಲ್ಲಿ ಓಡಾಡುತ್ತಿದ್ದುವೇ, ತಳದಲ್ಲಿ ಇದ್ದುವೇ? ಗೆಳೆಯರೊಡನೆ ಹೇಳಿರಿ.

ಹೊಳೆ, ಕೆರೆ, ತೋಡು – ಇವೆಲ್ಲ ಮೀನುಗಳ ಮನೆಗಳು. ಈ ಮನೆಗಳಿಗೆ ಮಳೆ ಹೊಸ ನೀರು ತರುತ್ತದೆ. ಹರಿವ ನೀರು ಕೊಳೆಯನ್ನು ಒಯ್ಯುತ್ತದೆ. ಬಂಡೆಯ ಸಂದು, ಮರದ ಬೇರು, ನೀರಗಿಡ ಇವು ಅಡಗಲು ಜಾಗ ಕೊಡುತ್ತವೆ. ನೀರು ಹಿಡಿಸದಿದ್ದರೆ ಮೀನು ಬೇರೆ ಕಡೆಗೆ ಈಜಿ ಹೋಗುತ್ತದೆ.

ಗಾಜಿನ ತೊಟ್ಟಿಯ ಮೀನಿಗೆ ಈ ಅನುಕೂಲ ಇಲ್ಲ. ಅದು ನಾವು ಇಟ್ಟಲ್ಲೇ ಇರಬೇಕು. ನಾವು ಕೊಟ್ಟ ನೀರಿನಲ್ಲೇ ಉಸಿರಾಡಬೇಕು. ನಾವು ತಂದ ನೆರೆಯವರೊಡನೆಯೇ ಬಾಳಬೇಕು. ಆದುದರಿಂದ ಮೀನು ತರುವ ಮೊದಲೇ ಅದರ ಮನೆಯ ಬಗ್ಗೆ ಯೋಚಿಸಬೇಕು.

ಇಂತಹ ತೊಟ್ಟಿಗೆ ಅಕ್ವೇರಿಯಂ ಎಂದು ಹೆಸರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜನರು ನೋಡುವುದಕ್ಕಾಗಿ ಮೀನುಗಳ ಮನೆಯೊಂದನ್ನು ತೆರೆದರು. ಮರುವರ್ಷ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಎಂಬವರು ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಮಾತು ಎಲ್ಲೆಡೆ ಹರಡಿತು.

ಕಾಸರಗೋಡಿನ ಕಡೆಯ ಒಂದು ಶಾಲೆಯ ಐದನೆಯ ತರಗತಿಗೆ ಗಾಜಿನ ತೊಟ್ಟಿಯೊಂದು ಬಂತೆಂದು ಭಾವಿಸಿರಿ. ಬಗೆಬಗೆಯ ಮೀನುಗಳು ಜಗಳವಾಡದೆ ಒಟ್ಟಿಗೆ ಬಾಳುವ ಮನೆಯನ್ನಾಗಿ ಅದನ್ನು ಮಾಡಬೇಕು. ಮಕ್ಕಳು ಹೇಗೆ ಯೋಜನೆ ಹಾಕಿದರು? ನೋಡೋಣ.

ಮೊದಲ ಪಟ್ಟಿ

"ಯಾವ ಯಾವ ಮೀನು ಬೇಕು? ಬರೆಯಿರಿ" ಎಂದರು ಟೀಚರ್. ಮಕ್ಕಳು ಗಳಿಗೆಯಲ್ಲಿ ಬರೆದು ಮುಗಿಸಿದರು. ಗೋಲ್ಡ್ ಫಿಶ್ ನಾಲ್ಕು, ಏಂಜಲ್ ಎರಡು, ಫೈಟರ್ ಎರಡು, ಟೈಗರ್ ಬಾರ್ಬ್ ಆರು, ಗಪ್ಪಿ ಹತ್ತು.

ಟೀಚರ್ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದರು. ಪಕ್ಕದಲ್ಲಿ ಐದು ಪ್ರಶ್ನೆಗಳನ್ನೂ ಬರೆದರು.

1. ಈ ಮೀನು ಪೂರ್ತಿ ಬೆಳೆದಾಗ ಎಷ್ಟು ಉದ್ದವಾಗುತ್ತದೆ?
2. ಇದಕ್ಕೆ ಎಂತಹ ನೀರು ಬೇಕು?
3. ಇದು ಏನನ್ನು ತಿನ್ನುತ್ತದೆ?
4. ಒಂಟಿಯಾಗಿ ಇರುತ್ತದೆಯೇ, ಗುಂಪಾಗಿ ಇರುತ್ತದೆಯೇ?
5. ನೀರಿನ ಯಾವ ಭಾಗದಲ್ಲಿ ಓಡಾಡುತ್ತದೆ?

"ಒಂದು ವಾರ ಸಮಯ ಇದೆ. ಪುಸ್ತಕ ನೋಡಿ, ಮೀನು ಸಾಕುವವರನ್ನು ಕೇಳಿ ಉತ್ತರ ತನ್ನಿ" ಎಂದರು.

ಮುಂದಿನ ವಾರ ಪಟ್ಟಿಯ ಹೆಸರುಗಳು ಒಂದೊಂದಾಗಿ ಅಳಿಸಿಹೋದುವು. ಗೋಲ್ಡ್ ಫಿಶ್ ತಂಪು ನೀರಿನ ಮೀನು. ಅಂಗಡಿಯಲ್ಲಿ ಬೆರಳುದ್ದ ಇದ್ದರೂ ಬೆಳೆದಾಗ 20 ಸೆಂಟಿಮೀಟರಿಗಿಂತಲೂ ಉದ್ದವಾಗಬಲ್ಲದು. ಬಹಳ ತಿನ್ನುತ್ತದೆ, ಅಷ್ಟೇ ಬೇಗ ನೀರನ್ನು ಕೊಳೆಮಾಡುತ್ತದೆ. ಏಂಜಲ್ ಮೀನಿನ ತವರು ಅಮೆಜಾನ್ ನದಿ. ಅದರ ನಡಿಗೆ ಮೆಲ್ಲನೆ, ಆದರೆ ಬಾಯಿಗೆ ಹಿಡಿಸುವಷ್ಟು ಸಣ್ಣ ಮೀನು ಸಿಕ್ಕಿದರೆ ಬಿಡದು. ಗಂಡು ಫೈಟರುಗಳು ಎರಡು ಸೇರಿದರೆ ಕಾದಾಟ ಖಂಡಿತ. ಟೈಗರ್ ಬಾರ್ಬ್ ಚುರುಕಿನ ಮೀನು. ಉದ್ದ ರೆಕ್ಕೆಯ ಮೀನುಗಳನ್ನು ಕಂಡರೆ ರೆಕ್ಕೆ ಕಚ್ಚುವ ಚಾಳಿ ಅದಕ್ಕಿದೆ. ಫೈಟರಿನ ರೆಕ್ಕೆ ಉದ್ದ!

"ಗಪ್ಪಿಯಾದರೂ ಇರಲಿ ಟೀಚರ್" ಎಂದಳು ಒಬ್ಬ ಹುಡುಗಿ.

"ಗಪ್ಪಿ ಸಾಧು ಮೀನು. ಆದರೆ ಅದು ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಹತ್ತು ಗಪ್ಪಿ ಇದ್ದರೆ ವರ್ಷಾಂತ್ಯಕ್ಕೆ ಎಷ್ಟಾದೀತು? ಆ ಮರಿಗಳನ್ನು ಎಲ್ಲಿ ಇಡುತ್ತೀರಿ?"

ಹುಡುಗಿ ಯೋಚಿಸಿದಳು. ತಾನೇ ಎದ್ದು ಹೋಗಿ ಗಪ್ಪಿಯ ಹೆಸರನ್ನು ಅಳಿಸಿದಳು.

ತೊಟ್ಟಿಯ ಲೆಕ್ಕ

"ಈಗ ಮೀನನ್ನು ಬಿಡೋಣ, ಮನೆಯನ್ನು ಅಳೆಯೋಣ" ಎಂದರು ಟೀಚರ್.

ಮಕ್ಕಳು ಅಳತೆಪಟ್ಟಿ ಹಿಡಿದರು. ತೊಟ್ಟಿಯ ಉದ್ದ 100 ಸೆಂಟಿಮೀಟರ್, ಅಗಲ 30 ಸೆಂಟಿಮೀಟರ್, ಎತ್ತರ 40 ಸೆಂಟಿಮೀಟರ್. ತಳದಲ್ಲಿ 5 ಸೆಂಟಿಮೀಟರ್ ಮರಳು ಬೇಕು. ಮೇಲೆ 5 ಸೆಂಟಿಮೀಟರ್ ಖಾಲಿ ಬಿಡಬೇಕು. ಹಾಗಾದರೆ ನೀರು ನಿಲ್ಲುವ ಎತ್ತರ 30 ಸೆಂಟಿಮೀಟರ್.

100 × 30 × 30 = 90,000 ಘನ ಸೆಂಟಿಮೀಟರ್. 1,000 ಘನ ಸೆಂಟಿಮೀಟರ್ ಎಂದರೆ ಒಂದು ಲೀಟರ್. ಆದುದರಿಂದ ತೊಟ್ಟಿಯಲ್ಲಿ ಹಿಡಿಯುವ ನೀರು 90 ಲೀಟರ್.

ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. 90 ಕಿಲೋಗ್ರಾಂ ನೀರು, ಅದರ ಮೇಲೆ ಗಾಜು, ಮರಳು, ಕಲ್ಲುಗಳ ಭಾರ! ಅಲುಗಾಡುವ ಬೆಂಚಿನ ಮೇಲೆ ಇದನ್ನು ಇಡಬಹುದೇ? ಗಟ್ಟಿಯಾದ, ಸಮತಟ್ಟಾದ ಕಟ್ಟೆ ಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿಯೂ ಬೇಡ. ಬಿಸಿಲು ಹೆಚ್ಚಾದರೆ ಗಾಜಿಗೆ ಪಾಚಿ ಕಟ್ಟುತ್ತದೆ, ನೀರು ಕಾಯುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ.

ಎಷ್ಟು ಮೀನು ಬಿಡಬಹುದು? ಸಣ್ಣ ಮೀನುಗಳಿಗೆ ಒಂದು ಸರಳ ಲೆಕ್ಕ ಇದೆ. ಪೂರ್ತಿ ಬೆಳೆದ ಮೀನಿನ ಒಂದೊಂದು ಸೆಂಟಿಮೀಟರ್ ಉದ್ದಕ್ಕೂ ಒಂದೂವರೆ ಲೀಟರ್ ನೀರು ಇರಲಿ. 90 ಲೀಟರಿಗೆ 60 ಸೆಂಟಿಮೀಟರ್. ಎಂದರೆ ಎಲ್ಲ ಮೀನುಗಳನ್ನು ಸಾಲಾಗಿ ಇಟ್ಟರೆ ಉದ್ದ 60 ಸೆಂಟಿಮೀಟರ್ ಮೀರಬಾರದು. ಇದು ಅಂದಾಜಿನ ಲೆಕ್ಕ ಮಾತ್ರ. ದಪ್ಪ ಮೀನಿಗೆ, ದೊಡ್ಡ ಮೀನಿಗೆ ಇನ್ನೂ ಹೆಚ್ಚು ನೀರು ಬೇಕು.

ಮನೆಯ ಅಲಂಕಾರ

ಅಂಗಡಿಯಲ್ಲಿ ಬಣ್ಣಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಗೊಂಬೆ ಎಲ್ಲವೂ ಸಿಗುತ್ತವೆ. ಅವು ನಮ್ಮ ಕಣ್ಣಿಗೆ ಚೆಂದ. ಮೀನಿಗೆ ಚೆಂದ ಯಾವುದು? ಅಡಗಲು ನೆರಳು, ಈಜಲು ಬಯಲು, ಮೈಗೆ ತಾಗಿದರೆ ಗೀರದ ನೆಲ.

ಮಕ್ಕಳು ಮೊದಲು ಕಾಗದದ ಮೇಲೆ ಚಿತ್ರ ಬರೆದರು. ಎತ್ತರದ ಗಿಡಗಳು ಹಿಂದೆ, ಗಿಡ್ಡ ಗಿಡಗಳು ಮುಂದೆ. ದೊಡ್ಡ ಕಲ್ಲನ್ನು ಸರಿಯಾಗಿ ನಡುವೆ ಇಡಲಿಲ್ಲ; ಮೂರರಲ್ಲಿ ಒಂದು ಪಾಲು ಎಡಕ್ಕೆ ಸರಿಸಿದರು. ಆಗ ಬಲಗಡೆ ಮೀನಿಗೆ ಓಡಲು ಬಯಲು ಸಿಕ್ಕಿತು. ತೊಟ್ಟಿಯ ಹಿಂದಿನ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸುವುದೆಂದು ತೀರ್ಮಾನಿಸಿದರು. ಹಿಂಬದಿ ಕಪ್ಪಾಗಿದ್ದರೆ ಮೀನಿಗೆ ಅಂಜಿಕೆ ಕಡಿಮೆ, ಅದರ ಬಣ್ಣವೂ ಎದ್ದು ಕಾಣುತ್ತದೆ.

ಅನಂತರ ಒಂದೊಂದೇ ಸಾಮಗ್ರಿಯನ್ನು ಪರೀಕ್ಷಿಸಿದರು.

ಮರಳು: ಕಡಲತೀರದ ಮರಳು ಬೇಡ. ಅದರಲ್ಲಿ ಉಪ್ಪೂ ಚಿಪ್ಪಿನ ಚೂರುಗಳೂ ಇರುತ್ತವೆ. ನುಣುಪಾದ ಹೊಳೆಯ ಮರಳು ಸಾಕು. ಬಾಲ್ದಿಯಲ್ಲಿ ಹಾಕಿ, ಮೇಲಿನ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಸಾಬೂನು ಮುಟ್ಟಿಸಲೇಬಾರದು.

ಕಲ್ಲು: ಕಲ್ಲಿನ ಮೇಲೆ ಕೆಲವು ತೊಟ್ಟು ವಿನಿಗರ್ ಹಾಕಿ ನೋಡಿರಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ. ಅಂತಹ ಕಲ್ಲು ನೀರಿನ ಗುಣವನ್ನು ಬದಲಿಸುತ್ತದೆ. ಮೆದುವಾದ ಮುರಕಲ್ಲು ಪುಡಿ ಉದುರಿಸುತ್ತದೆ. ಉರುಟಾದ ಗಟ್ಟಿ ಹೊಳೆಗಲ್ಲು ಒಳ್ಳೆಯದು. ದೊಡ್ಡ ಕಲ್ಲನ್ನು ಮೊದಲು ಇಟ್ಟು ಅನಂತರ ಮರಳು ತುಂಬಬೇಕು. ಇಲ್ಲವಾದರೆ ಮೀನು ಮರಳು ಕೆದಕಿದಾಗ ಕಲ್ಲು ಉರುಳೀತು.

ಗುಹೆ: ಇದಕ್ಕೆ ಹಣ ಕೊಡಬೇಕಾಗಿಲ್ಲ. ತೆಂಗಿನ ಗೆರಟೆಯ ನಾರನ್ನು ಕೆರೆದು ತೆಗೆದು, ಬದಿಯಲ್ಲಿ ಬಾಗಿಲಿನಂತೆ ಕೊರೆದು, ಅಂಚನ್ನು ಉಜ್ಜಿ ನುಣುಪು ಮಾಡಬೇಕು. ಹಿರಿಯರ ಸಹಾಯದಿಂದ ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಗುಹೆ ಸಿದ್ಧ. ಬಣ್ಣ ಬಳಿಯದ ಹಳೆಯ ಹಂಚಿನ ತುಂಡೂ ಆಗುತ್ತದೆ.

ಗಿಡ: ಹೈಡ್ರಿಲ್ಲಾ ಎಂಬ ನೀರಗಿಡ ನಮ್ಮ ಕೆರೆಗಳಲ್ಲೇ ಬೆಳೆಯುತ್ತದೆ. ರಿಬ್ಬನ್ನಿನಂತೆ ಉದ್ದ ಎಲೆಯ ವ್ಯಾಲಿಸ್ನೇರಿಯವನ್ನು ಹಿಂದಿನ ಸಾಲಿನಲ್ಲಿ ನೆಡಬಹುದು. ಯಾವ ಗಿಡವನ್ನಾದರೂ ಚೆನ್ನಾಗಿ ತೊಳೆದೇ ಹಾಕಬೇಕು. ಹಗಲು ಬೆಳಕಿನಲ್ಲಿ ಗಿಡಗಳು ಆಮ್ಲಜನಕವನ್ನು ನೀರಿಗೆ ಬಿಡುತ್ತವೆ.

ನೀರು: ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಕ್ಲೋರಿನ್ ತೆಗೆದೇ ಆ ನೀರನ್ನು ಬಳಸಬೇಕು. ಶಾಲೆಯಲ್ಲಿದ್ದುದು ಬಾವಿಯ ನೀರು. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು. ಅದಕ್ಕೆ ತುಸು ಆಮ್ಲಗುಣವೂ ಇರುತ್ತದೆ. ಕಾಡಿನ ತೋಡುಗಳಲ್ಲಿ ಬಾಳುವ ಅನೇಕ ಸಣ್ಣ ಮೀನುಗಳಿಗೆ ಇಂತಹ ನೀರೇ ಹಿತ.

ಕಣ್ಣಿಗೆ ಕಾಣದ ಕೆಲಸಗಾರರು

ಮರಳು ಹಾಕಿದರು, ಗಿಡ ನೆಟ್ಟರು, ನೀರು ತುಂಬಿದರು, ಶೋಧಕ ಓಡತೊಡಗಿತು. "ನಾಳೆ ಮೀನು ತರೋಣವೇ ಟೀಚರ್?" ಎಂದು ಮಕ್ಕಳು ಕೇಳಿದರು.

"ಇಲ್ಲ. ಇನ್ನು ನಾಲ್ಕರಿಂದ ಆರು ವಾರ ಕಾಯಬೇಕು."

"ಆರು ವಾರವೇ! ನೀರು ಕನ್ನಡಿಯ ಹಾಗಿದೆಯಲ್ಲ?"

ಆಗ ಒಬ್ಬ ಹುಡುಗ ಮೆಲ್ಲನೆ ಹೇಳಿದ: "ನಮ್ಮ ಮನೆಯಲ್ಲಿಯೂ ನೀರು ಕನ್ನಡಿಯ ಹಾಗೆ ಇತ್ತು. ಒಂದೇ ದಿನ ಹತ್ತು ಮೀನು ತಂದಿದ್ದೆವು. ಆರನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ತಂಗಿ ಎರಡು ದಿನ ಅತ್ತಳು. ಯಾಕೆ ಸತ್ತವೆಂದು ಯಾರಿಗೂ ಗೊತ್ತಾಗಲಿಲ್ಲ."

ತರಗತಿ ಸುಮ್ಮನಾಯಿತು. ಟೀಚರ್ ಹಲಗೆಯ ಮೇಲೆ ಮೂರು ಹೆಸರು ಬರೆದರು: ಅಮೋನಿಯ, ನೈಟ್ರೈಟ್, ನೈಟ್ರೇಟ್.

"ಮೀನಿನ ಮಲಮೂತ್ರ, ತಿಂದು ಉಳಿದ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ಅದು ವಿಷ, ಆದರೆ ಕಣ್ಣಿಗೆ ಕಾಣದು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತದೆ. ಇದರಿಂದ ಹಾನಿ ಬಹಳ ಕಡಿಮೆ. ಗಿಡಗಳು ಅದನ್ನು ಗೊಬ್ಬರವಾಗಿ ಹೀರುತ್ತವೆ. ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ಸಾಕಷ್ಟು ಇರುವುದಿಲ್ಲ. ಅವರು ಮರಳಿನಲ್ಲಿ, ಶೋಧಕದ ಸ್ಪಂಜಿನಲ್ಲಿ ನೆಲೆಯಾಗಲು ಸಮಯ ಬೇಕು."

"ಹಾಗಾದರೆ ಅವರಿಗೂ ಊಟ ಬೇಡವೇ?" ಎಂದು ಹುಡುಗ ಕೇಳಿದ.

"ಒಳ್ಳೆಯ ಪ್ರಶ್ನೆ! ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕೋಣ. ಅದು ಕೊಳೆತಾಗ ಅಮೋನಿಯ ಬರುತ್ತದೆ. ಕೆಲಸಗಾರರು ಬೆಳೆಯುತ್ತಾರೆ. ನೀರನ್ನು ಪರೀಕ್ಷಾ ದ್ರಾವಣದಿಂದ ನೋಡೋಣ. ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿದ ಮೇಲೆ ಮೀನು ತರೋಣ."

ಆ ಹುಡುಗನಿಗೇ ದಿನವೂ ಚಿಟಿಕೆ ಹಾಕುವ ಕೆಲಸ ಸಿಕ್ಕಿತು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ದಿನವೂ ಗುರುತು ಹಾಕಿದ. ಐದನೆಯ ವಾರ ಎರಡೂ ಸೊನ್ನೆಯಾದುವು.

ಮೂರು ಅಂತಸ್ತಿನ ಮನೆ

ಈ ಐದು ವಾರಗಳಲ್ಲಿ ಮಕ್ಕಳು ಮೂರು ಗುಂಪಾಗಿ ಮೀನುಗಳನ್ನು ಆರಿಸಿದ್ದರು.

ಮೇಲಿನ ಗುಂಪು: "ನಾವು ಜೇನು ಗೌರಾಮಿಯನ್ನು ಆರಿಸಿದ್ದೇವೆ. ಉದ್ದ 5 ಸೆಂಟಿಮೀಟರ್. ಇದು ನಮ್ಮ ದೇಶದ ಗಂಗೆ, ಬ್ರಹ್ಮಪುತ್ರಾ ನದಿಗಳ ಕಡೆಯ ಮೀನು. ಜೇನಿನ ಬಣ್ಣ. ಕಿವಿರಿನಿಂದಲೂ ಉಸಿರಾಡುತ್ತದೆ, ಮೇಲಕ್ಕೆ ಬಂದು ಬಾಯಿಯಿಂದ ಗಾಳಿಯನ್ನೂ ಗುಟುಕರಿಸುತ್ತದೆ. ಅದಕ್ಕೇ ಮೇಲೆ 5 ಸೆಂಟಿಮೀಟರ್ ಖಾಲಿ ಬಿಟ್ಟದ್ದು. ಒಂದು ಸಾಕು."

"ಈ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್" ಎಂದು ಟೀಚರ್ ಸೇರಿಸಿದರು. "1800-1801ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ ಜನಜೀವನದ ಬಗ್ಗೆ ಬರೆದವರು ಅವರೇ. ಗಂಗಾನದಿಯ ಮೀನುಗಳ ಬಗ್ಗೆ ಅವರ ಗ್ರಂಥ 1822ರಲ್ಲಿ ಪ್ರಕಟವಾಯಿತು."

ನಡುವಿನ ಗುಂಪು: "ನಮ್ಮದು ಚೆರಿ ಬಾರ್ಬ್. ಉದ್ದ 5 ಸೆಂಟಿಮೀಟರ್. ಶ್ರೀಲಂಕಾದ ನೆರಳು ತೋಡುಗಳ ಮೀನು. ಗಂಡು ಕೆಂಪಗೆ ಹೊಳೆಯುತ್ತದೆ. ಗುಂಪಿನಲ್ಲಿದ್ದರೆ ಧೈರ್ಯ, ಒಂಟಿಯಾದರೆ ಗಿಡದ ಹಿಂದೆ ಅಡಗುತ್ತದೆ. ಅದಕ್ಕಾಗಿ ಆರು ಬೇಕು."

ತಳದ ಗುಂಪು: "ನಮ್ಮದು ಕೊರಿಡೋರಾಸ್. ದಕ್ಷಿಣ ಅಮೆರಿಕದ ಪುಟ್ಟ ಮೀಸೆಮೀನು. ನಾವು ಆರಿಸಿದ ಜಾತಿ ಸುಮಾರು 5 ಸೆಂಟಿಮೀಟರ್. ಮೀಸೆಯಿಂದ ಮರಳನ್ನು ತಡಕಿ ಆಹಾರ ಹುಡುಕುತ್ತದೆ. ಚೂಪು ಕಲ್ಲಾದರೆ ಮೀಸೆ ಸವೆಯುತ್ತದೆ. ಇದೂ ಗುಂಪಿನ ಮೀನು. ಐದಾದರೂ ಬೇಕು."

ಲೆಕ್ಕ ನೋಡಿರಿ. ಗೌರಾಮಿ 1 × 5 = 5. ಚೆರಿ ಬಾರ್ಬ್ 6 × 5 = 30. ಕೊರಿಡೋರಾಸ್ 5 × 5 = 25. ಒಟ್ಟು 60 ಸೆಂಟಿಮೀಟರ್. ಸರಿಯಾಯಿತು! ಮೂರೂ ಸಾಧು ಮೀನುಗಳು. ಒಂದರ ಬಾಯಿಗೆ ಇನ್ನೊಂದು ಹಿಡಿಸದು. 24ರಿಂದ 27 ಡಿಗ್ರಿ ಸೆಲ್ಸಿಯಸ್ ನೀರು ಮೂರಕ್ಕೂ ಹಿತ. ನಮ್ಮ ಊರಿನಲ್ಲಿ ನೀರು ಕಾಯಿಸುವ ಯಂತ್ರ ಬೇಕಾಗುವುದು ಅಪರೂಪ. ಬೇಸಗೆಯಲ್ಲಿ ತಂಪಾದ ಜಾಗ ಮತ್ತು ಗುಳ್ಳೆಗಾಳಿ ಬೇಕು.

ಹೊಳೆಯ ಚೆಲುವೆ ಹೊಳೆಯಲ್ಲಿರಲಿ

ಎಲ್ಲ ಮುಗಿಯಿತು ಎನ್ನುವಾಗ ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, ನಮ್ಮ ಚಂದ್ರಗಿರಿ ಹೊಳೆಯಲ್ಲಿ ಮಿಸ್ ಕೇರಳ ಮೀನು ಇದೆಯಂತೆ. ದೂರದ ದೇಶದ ಮೀನು ಯಾಕೆ? ನಮ್ಮದನ್ನೇ ಹಿಡಿದು ತರೋಣ."

ಬೆಳ್ಳಿಯ ಮೈ, ಮೂಗಿನಿಂದ ಹಿಂದಕ್ಕೆ ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ – ಈ ಮೀನನ್ನು ನೋಡಿದವರು ಮರೆಯುವುದಿಲ್ಲ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದರು. ಪಶ್ಚಿಮ ಘಟ್ಟದ ಹೊಳೆಗಳಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇದರ ತವರು ಇಲ್ಲ. ಇದರ ಚೆಲುವೇ ಇದಕ್ಕೆ ಕಂಟಕವಾಯಿತು. ಹೊರದೇಶಗಳಲ್ಲಿ ಬೇಡಿಕೆ ಹೆಚ್ಚಿ, ಹೊಳೆಗಳಿಂದ ಲೆಕ್ಕವಿಲ್ಲದಷ್ಟು ಹಿಡಿದರು. ಸಂಖ್ಯೆ ಕುಗ್ಗಿತು. 2008ರಲ್ಲಿ ಕೇರಳ ಸರಕಾರ ಇದನ್ನು ಹಿಡಿಯುವುದಕ್ಕೆ ಕಡಿವಾಣ ಹಾಕಿತು. ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಇದು ಸೇರಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿಯೂ ಇದರ ಹೆಸರಿದೆ.

"ಇನ್ನು ನಿಮ್ಮ ಲೆಕ್ಕವನ್ನೇ ಮಾಡಿ ನೋಡಿ" ಎಂದರು ಟೀಚರ್. "ಇದು 12 ಸೆಂಟಿಮೀಟರಾದರೂ ಬೆಳೆಯುತ್ತದೆ. ಗುಂಪಿನಲ್ಲಿ ಬಾಳುತ್ತದೆ, ಬಾಣದಂತೆ ಓಡುತ್ತದೆ. ಆರು ಮೀನಿಗೆ ಎಷ್ಟಾಯಿತು?"

"72 ಸೆಂಟಿಮೀಟರ್" ಎಂದಳು ಹುಡುಗಿ. "ನಮ್ಮ ಮನೆಯಲ್ಲಿ ಅದಕ್ಕೆ ಜಾಗ ಇಲ್ಲ. ಹೊಳೆಯಲ್ಲೇ ಇರಲಿ."

ಅವಳು ಆ ಮೀನಿನ ಚಿತ್ರ ಬರೆದು ತೊಟ್ಟಿಯ ಮೇಲಿನ ಗೋಡೆಗೆ ಅಂಟಿಸಿದಳು. ಕೆಳಗೆ ಬರೆದಳು: ನಮ್ಮ ಹೊಳೆಯ ಚೆಲುವೆ. ಮನೆ: ಹೊಳೆ.

ತೊಟ್ಟಿಯದು ತೊಟ್ಟಿಯಲ್ಲಿರಲಿ

ಹೊಳೆಯದನ್ನು ತೊಟ್ಟಿಗೆ ತರಬಾರದು. ತೊಟ್ಟಿಯದನ್ನು ಹೊಳೆಗೆ ಬಿಡಲೂಬಾರದು. 2018ರ ಮಹಾಪೂರದಲ್ಲಿ ಕೇರಳದ ಸಾಕುಕೊಳಗಳಿಂದ ವಿದೇಶಿ ಮೀನುಗಳು ನದಿಗಳಿಗೆ ಸೇರಿದುವು. ಅಮೆಜಾನಿನ ದೈತ್ಯ ಮೀನಾದ ಅರಪೈಮ ಕೂಡ ಇಲ್ಲಿನ ಮೀನುಗಾರರ ಬಲೆಗೆ ಸಿಕ್ಕಿತು. 2020ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿ ತೋಡೊಂದು ಗುಲಾಬಿ ಹೂಗಳಿಂದ ತುಂಬಿತು. ನೋಡಲು ಜನ ಸೇರಿದರು. ಆದರೆ ಅದು ಕಬೊಂಬ ಎಂಬ ದಕ್ಷಿಣ ಅಮೆರಿಕದ ನೀರಗಿಡ, ಅಕ್ವೇರಿಯಂಗಳಲ್ಲಿ ಬೆಳೆಸುವಂತಹುದು. ಇದು ದಟ್ಟವಾಗಿ ಹಬ್ಬಿ ಊರಿನ ನೀರಗಿಡಗಳನ್ನು ಅಡಗಿಸುತ್ತದೆ, ನೀರಿನ ಹರಿವನ್ನೂ ತಡೆಯುತ್ತದೆ.

ಸಾಕಲಾಗದ ಮೀನನ್ನು ಸಾಕುವವರಿಗೆ ಅಥವಾ ಅಂಗಡಿಗೆ ಕೊಡಬೇಕು. ಕತ್ತರಿಸಿದ ಗಿಡಗಳನ್ನು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಮೀನುಗಳು ಬಂದುವು

ಎಲ್ಲ ಮೀನುಗಳನ್ನು ಒಂದೇ ದಿನ ತರಲಿಲ್ಲ. ಮೊದಲು ಚೆರಿ ಬಾರ್ಬ್, ಹತ್ತು ದಿನಗಳ ಅನಂತರ ಕೊರಿಡೋರಾಸ್, ಕೊನೆಗೆ ಗೌರಾಮಿ. ಮೀನು ತಂದ ಚೀಲವನ್ನು 15 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟರು. ಎರಡೂ ಕಡೆಯ ನೀರಿನ ಬಿಸಿ ಸಮವಾಯಿತು. ಚೀಲಕ್ಕೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಅನಂತರ ಮೀನನ್ನು ಬಲೆಯಿಂದ ಎತ್ತಿ ಮೆಲ್ಲನೆ ಬಿಟ್ಟರು.

ತೊಟ್ಟಿಯ ಬಳಿ ಮಕ್ಕಳು ಈ ಸೂಚನೆಗಳನ್ನು ಬರೆದು ಹಾಕಿದರು.

• ದಿನಕ್ಕೆ ಒಮ್ಮೆ ಆಹಾರ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿರಿ.
• ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರು ಬದಲಿಸಿರಿ. ಪೂರ್ತಿ ನೀರು ಬದಲಿಸಬೇಡಿ.
• ಶೋಧಕದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ಕೆಲಸಗಾರರನ್ನು ಕೊಲ್ಲಬೇಡಿ.
• ಗಾಜನ್ನು ಬಡಿಯಬೇಡಿ. ಮೀನುಗಳು ಬೆದರುತ್ತವೆ.
• ನೀರಿಗೆ ಕೈ ಹಾಕುವ ಮೊದಲು ಹಿರಿಯರು ವಿದ್ಯುತ್ ಆರಿಸಲಿ.

ಮೊದಲ ದಿನ ಚೆರಿ ಬಾರ್ಬುಗಳು ಗಿಡಗಳ ಹಿಂದೆಯೇ ಇದ್ದುವು. ಮಕ್ಕಳು ಸದ್ದು ಮಾಡದೆ ಕಾದರು. ಮೂರನೆಯ ದಿನ ಒಂದು ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಆರೂ ಬಯಲಿಗೆ ಬಂದುವು. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ ಹುಡುಗ ಬೆರಳು ಮಡಚಿ ಎಣಿಸಿದ. ಏಳನೆಯ ದಿನವೂ ಎಣಿಸಿದ. ಆರಕ್ಕೆ ಆರೂ ಇದ್ದುವು.

ಪದಗಳ ಅರ್ಥ

ತೋಡು – ಸಣ್ಣ ಹಳ್ಳ
ಗೆರಟೆ – ತೆಂಗಿನಕಾಯಿಯ ಗಟ್ಟಿ ಚಿಪ್ಪು
ಮುರಕಲ್ಲು – ಕೆಂಪುಕಲ್ಲು
ಕಿವಿರು – ಮೀನು ಉಸಿರಾಡುವ ಅಂಗ
ಶೋಧಕ – ನೀರನ್ನು ಸೋಸುವ ಸಾಧನ
ಚಾಳಿ – ಅಭ್ಯಾಸ
ಕಂಟಕ – ಅಪಾಯ
ಮಹಾಪೂರ – ದೊಡ್ಡ ನೆರೆ

ಉತ್ತರ ಬರೆಯಿರಿ

1. ಗೋಲ್ಡ್ ಫಿಶ್ ಈ ತೊಟ್ಟಿಗೆ ಯಾಕೆ ಹೊಂದುವುದಿಲ್ಲ?
2. ಕಲ್ಲಿನಲ್ಲಿ ಸುಣ್ಣದ ಅಂಶ ಇದೆಯೇ ಎಂದು ಹೇಗೆ ತಿಳಿಯಬಹುದು?
3. ಹುಡುಗನ ಮನೆಯ ಮೀನುಗಳು ಸತ್ತುದಕ್ಕೆ ಕಾರಣ ಏನಿರಬಹುದು? ಪಾಠದ ಆಧಾರದಿಂದ ಬರೆಯಿರಿ.
4. "ಕೆಲಸಗಾರರನ್ನು ಕೊಲ್ಲಬೇಡಿ." ಇಲ್ಲಿ ಕೆಲಸಗಾರರು ಯಾರು?
5. "ಇದರ ಚೆಲುವೇ ಇದಕ್ಕೆ ಕಂಟಕವಾಯಿತು." ಈ ಮಾತನ್ನು ವಿವರಿಸಿರಿ.

ಲೆಕ್ಕ ಮಾಡೋಣ

1. 90 ಲೀಟರ್ ನೀರಿನಲ್ಲಿ ಐದರಲ್ಲಿ ಒಂದು ಪಾಲು ಎಷ್ಟು ಲೀಟರ್?
2. ಒಂದು ತೊಟ್ಟಿಯಲ್ಲಿ ನೀರಿನ ಉದ್ದ 60, ಅಗಲ 30, ಎತ್ತರ 25 ಸೆಂಟಿಮೀಟರ್. ಅದರಲ್ಲಿ ಎಷ್ಟು ಲೀಟರ್ ನೀರಿದೆ? 5 ಸೆಂಟಿಮೀಟರ್ ಉದ್ದದ ಮೀನುಗಳನ್ನು ಎಷ್ಟು ಬಿಡಬಹುದು?

ಮಾದರಿಯಂತೆ ಬರೆಯಿರಿ

ಮಾದರಿ: ನೀರು + ಗಿಡ = ನೀರಗಿಡ
ಹೊಳೆ + ಕಲ್ಲು = ..........
ಬಾವಿ + ನೀರು = ..........
ಮೀಸೆ + ಮೀನು = ..........

ಚರ್ಚಿಸಿರಿ

ಸಾಕಲಾಗದ ಮೀನನ್ನು ಹೊಳೆಗೆ ಬಿಟ್ಟರೆ ಅದಕ್ಕೆ ಸ್ವಾತಂತ್ರ್ಯ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು? ಹೊಳೆಯ ಮೀನುಗಳು ಏನು ಹೇಳಬಹುದು?

ಚಟುವಟಿಕೆ

ಗದ್ದೆ, ತೋಡುಗಳಲ್ಲಿ ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಇರುವ ಪುಟ್ಟ ಮೀನನ್ನು ನೋಡಿದ್ದೀರಾ? ಮಲಯಾಳದಲ್ಲಿ ಅದಕ್ಕೆ ಮಾನತ್ತುಕಣ್ಣಿ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆ? ಅಜ್ಜ ಅಜ್ಜಿಯರನ್ನು ಕೇಳಿರಿ. ನಿಮ್ಮ ಊರಿನ ಮೀನುಗಳ ಹೆಸರುಗಳನ್ನು ಸಂಗ್ರಹಿಸಿ, ಅವು ನೀರಿನ ಯಾವ ಭಾಗದಲ್ಲಿ ಬಾಳುತ್ತವೆ ಎಂಬುದನ್ನೂ ಸೇರಿಸಿ ಪಟ್ಟಿ ತಯಾರಿಸಿರಿ. ಹಿಡಿಯುವುದು ಬೇಡ, ನೋಡಿ ಬರೆದರೆ ಸಾಕು.